ಸತು ಉಕ್ಕಿನಲ್ಲಿರಲಿಲ್ಲ, ಕೈಯಲ್ಲಿತ್ತು

ಇವತ್ತು ಇಡೀ ದಿನ ಒಂದು ಗ್ರಾಂ ಉಕ್ಕಿನ ಚೂರಿನ ಹಿಂದೆ ಹೋಯಿತು. ಆಸಿಡ್‌ನಲ್ಲಿ ಕರಗಿಸಿ ಐಸಿಪಿಗೆ (ಯಾವ ಲೋಹ ಎಷ್ಟಿದೆ ಅಂತ ಅದು ಸೂಸುವ ಬೆಳಕಿನಿಂದ ಅಳೆಯುವ ಮಷೀನು) ಕೊಟ್ಟರೆ ಸತು ಜಾಸ್ತಿ ತೋರಿಸುತ್ತಿದೆ. ಅನುಮಾನ ಬಂತು. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗುವುದು ಸುಮಾರು 1,500ರಲ್ಲಿ. ಕುಲುಮೆಯಲ್ಲೇ ಹೊಗೆಯಾಗಿ ಹೋಗಬೇಕಾದದ್ದು ಇಲ್ಲಿ ಹೇಗೆ ಉಳಿಯಿತು?

ಉಕ್ಕೇ ಹಾಕದ ಬ್ಲ್ಯಾಂಕ್, ಅಂದರೆ ಬರೀ ಆಸಿಡ್, ನೋಡಿದೆ. ಅದರಲ್ಲೂ ಅಷ್ಟೇ ಸತು! ಕೊನೆಗೆ ಸಿಕ್ಕಿಬಿದ್ದದ್ದು ನನ್ನ ಕೈಗವಸು. ರಬ್ಬರ್ ಗವಸಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ ಅಂತ ಓದಿದ್ದೆ, ಮರೆತಿದ್ದೆ. ಸುಮ್ನೆ ಮಷೀನನ್ನು ಬೈದದ್ದಾಯಿತು.

ಕಬ್ಬಿಣದ ಜೊತೆ ಕೆಲಸ ಕಷ್ಟವೇ. ಅದರ ಬೆಳಕನ್ನು ಬಿಡಿಸಿದಾಗ ಸಿಗುವ ರೋಹಿತದಲ್ಲಿ ಸಾವಿರಾರು ಗೆರೆಗಳು, ನಮಗೆ ಬೇಕಾದ ಪುಟ್ಟ ಗೆರೆ ಆ ಸಂತೆಯಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಹೋಲಿಕೆಯ ದ್ರಾವಣಕ್ಕೂ ಅಷ್ಟೇ ಶುದ್ಧ ಕಬ್ಬಿಣ ಬೆರೆಸುವುದು.

ತಾಮ್ರದ ಕಥೆ ಬೇರೆ. ಗುಜರಿಯ ಮೋಟಾರ್, ವೈರ್ ಜೊತೆ ಕುಲುಮೆಯೊಳಗೆ ಬಂದರೆ ಆಕ್ಸಿಜನ್ ಊದಿದರೂ ಹೋಗುವುದಿಲ್ಲ. ಅದಕ್ಕಿಂತ ಮೊದಲು ಕಬ್ಬಿಣವೇ ಸುಟ್ಟುಹೋಗುತ್ತದೆ. ಆಮೇಲೆ ಬಿಸಿಯಲ್ಲಿ ರೋಲರ್ ನಡುವೆ ಒತ್ತುವಾಗ ಉಕ್ಕಿನ ಮೈಮೇಲೆ ಬಿರುಕು. ಎಷ್ಟು ಸಲ ಕರಗಿಸಿದರೂ ಹಳೇ ವೈರಿನ ಗುರುತು ಒಳಗೇ ಇರುತ್ತದೆ, ವಿಚಿತ್ರ ಅಲ್ವಾ?

ನಾಳೆ ಬೇರೆ ಗವಸು ಹಾಕಿಕೊಂಡು ಮತ್ತೆ ಮೊದಲಿನಿಂದ.