ಆ ಸ್ವೀಟ್ನರ್ ಪೊಟ್ಟಣ

14 ಜೂನ್ 2024, ಶುಕ್ರವಾರ, ರಾತ್ರಿ 11:40

ಈಗಷ್ಟೇ ಸ್ವಿಮ್ಮಿಂಗ್ ವಿತ್ ಶಾರ್ಕ್ಸ್ ನೋಡಿ ಮುಗಿಸಿದೆ. 1994ರ ಹಾಲಿವುಡ್ ಸಿನಿಮಾ. ನಿದ್ದೆ ಬರುವ ಹಾಗೆ ಕಾಣುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ಕೊನೆಯನ್ನೂ ಹೇಳಿಬಿಡುತ್ತೇನೆ, ನೋಡಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ.

ಗೈ ಅನ್ನುವ ಹುಡುಗ ಆಗಷ್ಟೇ ಓದು ಮುಗಿಸಿ, ಬಡ್ಡಿ ಆಕರ್‌ಮನ್ ಅನ್ನುವ ಸ್ಟುಡಿಯೋದ ದೊಡ್ಡ ಮನುಷ್ಯನ ಹತ್ತಿರ ಅಸಿಸ್ಟೆಂಟ್ ಆಗಿ ಸೇರುತ್ತಾನೆ. ಬಡ್ಡಿ ಅವನನ್ನು ದಿನಾ ಹುರಿದು ಮುಕ್ಕುತ್ತಾನೆ. ಒಂದು ರಾತ್ರಿ ಗೈ ಬಡ್ಡಿಯ ಮನೆಗೇ ನುಗ್ಗಿ ಅವನನ್ನು ಕುರ್ಚಿಗೆ ಕಟ್ಟಿಹಾಕುತ್ತಾನೆ. ಬಡ್ಡಿಯಾಗಿ ಕೆವಿನ್ ಸ್ಪೇಸಿ, ಗೈ ಆಗಿ ಫ್ರ್ಯಾಂಕ್ ವೇಲಿ. ಬರೆದು ನಿರ್ದೇಶಿಸಿದ ಜಾರ್ಜ್ ಹುವಾಂಗ್ ಕೂಡ ಹಿಂದೆ ಹಾಲಿವುಡ್‌ನಲ್ಲಿ ಅಸಿಸ್ಟೆಂಟ್ ಆಗಿದ್ದವರೇ, ಅದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ. ಹಿಂಸೆಗೆ ಗೈ ಹಿಡಿಯುವ ಆಯುಧ ನೋಡಿ, ಕಾಗದದ ಅಂಚು! ಆಫೀಸಿನಲ್ಲಿ ದುಡಿದವರಿಗಷ್ಟೇ ಹೊಳೆಯುವಂಥದ್ದು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ರಕ್ತ ಅಲ್ಲ, ಸಕ್ಕರೆ ಬದಲು ಹಾಕಿಕೊಳ್ಳುವ ಸ್ವೀಟ್ನರ್‌ನ ಪೊಟ್ಟಣ. ಬಡ್ಡಿ ಕೇಳಿದ್ದು ಒಂದು ಬ್ರ್ಯಾಂಡ್, ಗೈ ತಂದಿದ್ದು ಇನ್ನೊಂದು. ಅಷ್ಟೇ ತಪ್ಪು. ಅದಕ್ಕೆ ಬಡ್ಡಿ ಪಾಠ ಒಪ್ಪಿಸುವ ಮಗುವಿನ ಹಾಗೆ ಅವನ ಬಾಯಿಂದಲೇ ಎಲ್ಲಾ ಹೇಳಿಸುತ್ತಾನೆ. ನೀನು ಯೋಚಿಸಬೇಕಾಗಿಲ್ಲ, ನಿನಗೆ ಏನು ಅನ್ನಿಸಿದರೂ ಲೆಕ್ಕಕ್ಕಿಲ್ಲ ಅನ್ನುತ್ತಾನೆ. ನಗು ಬಂತು, ನಗುತ್ತಿರುವಾಗಲೇ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು.

ಯಾಕಂದ್ರೆ ನಾನೂ ಹಾಗೆ ನಿಂತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಾನು ಬರೆದ ಒಂದು ಪತ್ರದಲ್ಲಿ ಅಂಕಿ ತಪ್ಪಾಗಿತ್ತು ಅಂತ ಆಗಿನ ಬಾಸ್ ಅದನ್ನು ಎಲ್ಲರೆದುರು ಜೋರಾಗಿ ಓದಿಸಿದ್ದರು. ಹಾಳೆ ನಡುಗುವುದು ಕಾಣಬಾರದು ಅಂತ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದೆ, ಬೆವರಿಗೆ ಅದರ ಎರಡು ಮೂಲೆಯೂ ಮೆತ್ತಗಾಗಿದ್ದವು.

ಬಡ್ಡಿಗೂ ಒಂದು ಹಳೆಯ ದುಃಖ ಇಟ್ಟಿದ್ದಾರೆ, ಹೆಂಡತಿಯ ಸಾವು. ಮನಸ್ಸು ಕರಗಿತು ನಿಜ. ಆದರೆ ಅದಕ್ಕೂ ಪೊಟ್ಟಣಕ್ಕೂ ಏನು ಸಂಬಂಧ? ಅದಕ್ಕಿಂತ ಅವನು ಹೇಳುವ ಇನ್ನೊಂದು ಮಾತೇ ಜಾಸ್ತಿ ನಿಜ ಅನ್ನಿಸಿತು: ತಾನೂ ವರ್ಷಗಟ್ಟಲೆ ಹೀಗೇ ಅನುಭವಿಸಿ ಮೇಲೆ ಬಂದವನು ಅಂತ. ಕೊನೆಯಲ್ಲಿ ಗೈ ಗುಂಡು ಹಾರಿಸುವುದು ಬಡ್ಡಿಗಲ್ಲ, ತಾನು ಪ್ರೀತಿಸಿದ ಡಾನ್ ಅನ್ನುವವಳಿಗೆ. ಆಮೇಲೆ ಅವನಿಗೆ ಬಡ್ತಿ ಸಿಗುತ್ತದೆ. ಅಲ್ಲಿ ನನಗೆ ಉಸಿರು ಕಟ್ಟಿತು.

ಹೋದ ತಿಂಗಳು ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗಿ ಹಳೆಯ ಫೈಲ್ ಕಳಿಸಿಬಿಟ್ಟಳು. ನಾನು ಕೂಗಾಡಲಿಲ್ಲ. ಆದರೆ ಎಲ್ಲರೂ ಕೂತಿದ್ದ ಮೀಟಿಂಗಿನಲ್ಲಿ, "ನಾನು ಕೇಳಿದ್ದೇನು? ನೀವು ಕಳಿಸಿದ್ದೇನು? ನೀವೇ ಹೇಳಿ" ಅಂದೆ. ಅವಳು ಹೇಳಿದಳು. ನಾನು ಮತ್ತೊಮ್ಮೆ ಹೇಳಿಸಿದೆ. ಅವಳು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆಯುತ್ತಿದ್ದಳು. ಅದು ಆವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ನಿಲ್ಲಿಸಲಿಲ್ಲ.

ಮೆಸೇಜ್ ಟೈಪ್ ಮಾಡಿ ಅಳಿಸಿದೆ. ಈ ಹೊತ್ತಿನಲ್ಲಿ ನನ್ನ ಹೆಸರು ಫೋನಿನಲ್ಲಿ ಕಂಡರೇ ಅವಳು ಗಾಬರಿಯಾಗಬಹುದು, ಅಲ್ವಾ? ಸೋಮವಾರ ಹತ್ತು ಗಂಟೆಗೆ ಅದೇ ಮೀಟಿಂಗ್ ಇದೆ, ಅವತ್ತು ಇದ್ದವರೆಲ್ಲ ಇರುತ್ತಾರೆ. ಬೇರೆ ವಿಷಯ ಎತ್ತುವ ಮೊದಲು ಅಲ್ಲೇ ಅವಳಲ್ಲಿ ಕ್ಷಮೆ ಕೇಳುತ್ತೇನೆ.