ಸಮೋವಾದ ಗೋಡೆಯಿಲ್ಲದ ಮನೆಗಳು: ಹೋಗುವವರಿಗೆ ಒಂದಿಷ್ಟು ಮಾತು

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾಕ್ಕೆ ಹೋಗುವುದಾದರೆ, ಸಾಧ್ಯವಾದಷ್ಟೂ ಹಗಲು ಹೊತ್ತಿನಲ್ಲಿ ಇಳಿಯುವ ವಿಮಾನವನ್ನೇ ಹಿಡಿಯಿರಿ. ಫಲೆಯೊಲೊ ನಿಲ್ದಾಣದಿಂದ ರಾಜಧಾನಿ ಅಪಿಯಾದವರೆಗೆ ದಾರಿಯುದ್ದಕ್ಕೂ ಹಳ್ಳಿಗಳು. ಮನೆಗಳ ಮುಂದೆ ಸುತ್ತಲೂ ತೆರೆದ ‘ಫಲೆ’ಗಳು. ಕಂಬ, ಮೇಲೆ ಛಾವಣಿ, ಅಷ್ಟೇ. ಈಗ ಸಿಮೆಂಟ್ ಕಂಬ, ತಗಡಿನ ಛಾವಣಿಯೇ ಜಾಸ್ತಿ. ಆದರೂ ಗೋಡೆ ಕಟ್ಟಿಲ್ಲ. ಒಳಗೆ ಊಟ ಮಾಡುವವರು, ಮಲಗಿದ ಮಗು, ಎಲ್ಲ ರಸ್ತೆಗೇ ಕಾಣುತ್ತದೆ.

ಹಳೆಯ ಕ್ರಮದ ಫಲೆ ನೋಡಲು ಅಪಿಯಾದ ಸಮೋವಾ ಕಲ್ಚರಲ್ ವಿಲೇಜ್‌ಗೆ ಹೋಗಿ. ಅಲ್ಲಿ ಕೆಲಸ ಮಾಡಿ ತೋರಿಸುತ್ತಾರೆ, ಆದರೆ ದಿನಾ ಅಲ್ಲ. ಮೊದಲೇ ವಿಚಾರಿಸಿ. ಫಲೆಗೆ ಮೊಳೆ ಹೊಡೆಯುವುದಿಲ್ಲ. ಎಲ್ಲ ಜೋಡಣೆಯೂ ‘ಅಫಾ’ ಎಂಬ ತೆಂಗಿನ ಹುರಿಯದು. ಸಿಪ್ಪೆಯ ನಾರನ್ನು ನೆನೆಹಾಕಿ, ಬಡಿದು, ಒಣಗಿಸಿ, ತೊಡೆಯ ಮೇಲೆ ಹೊಸೆದು, ಆಮೇಲೆ ಜಡೆಯ ಹಾಗೆ ಹೆಣೆಯುತ್ತಾರೆ. ಒಂದು ದೊಡ್ಡ ಮನೆಗೆ ಕಿಲೋಮೀಟರ್‌ಗಟ್ಟಲೆ ಹುರಿ ಬೇಕು. ಅಜ್ಜನೊಬ್ಬರು ಮಾತಾಡುತ್ತಲೇ ಹೆಣೆಯುತ್ತಿದ್ದರು, ಕೈ ಕಡೆ ನೋಡುತ್ತಲೇ ಇರಲಿಲ್ಲ. ಒಂದು ತುಂಡು ಎಳೆದು ನೋಡಿದೆ. ಚಪ್ಪಟೆ, ಒರಟು, ತುಂಬಾ ಗಟ್ಟಿ. ಛಾವಣಿಯ ಬಾಗಿದ ಮರ ಯಾವುದು ಗೊತ್ತಾ? ನಮ್ಮ ಮಂಗಳೂರು ಕಡೆ ಪಲ್ಯ ಮಾಡುವ ಜೀಗುಜ್ಜೆಯ ಮರ! ಇದನ್ನೆಲ್ಲ ಕಟ್ಟುವ ಮೇಸ್ತ್ರಿಗೆ ‘ತುಫುಂಗಾ’ ಅನ್ನುತ್ತಾರೆ. ಊರಲ್ಲಿ ಅವರಿಗೆ ದೊಡ್ಡ ಗೌರವ.

ಒಳಗೆ ಹೋದ ಮೇಲೆ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಹಳ್ಳಿಯೊಂದರಲ್ಲಿ ಕರೆದರು ಅಂತ ಹೋಗಿ, ಬೆನ್ನಿಗೆ ಆಸರೆಯಾಗಲಿ ಎಂದು ಕಂಬಕ್ಕೆ ಒರಗಿ ಕೂತೆ. ಮನೆಯ ಅಮ್ಮ ಏನೂ ಅನ್ನದೆ ಕೈ ಹಿಡಿದು ಎಬ್ಬಿಸಿ, ಬೇರೆ ಚಾಪೆಯ ಮೇಲೆ ಕೂರಿಸಿದರು. ಆಮೇಲೆ ತಿಳಿಯಿತು, ಸಭೆ ಸೇರುವ ಫಲೆಯಲ್ಲಿ ಪ್ರತಿ ಕಂಬವೂ ಒಬ್ಬರ ಜಾಗ. ಎರಡು ತುದಿಯ ಕಂಬಗಳು ದೊಡ್ಡ ‘ಮತಾಯ್’ಗಳಿಗೆ, ಅಂದರೆ ಮನೆತನದ ಯಜಮಾನರಿಗೆ. ಮುಂದಿನ ನಡುಗಂಬಗಳು ಊರ ಪರವಾಗಿ ಮಾತಾಡುವವರಿಗೆ. ‘ಅವಾ’ ಎಂಬ ಬೇರಿನ ಪಾನೀಯ ತಯಾರಿಸುವವರು ಹಿಂದೆ. ಯಾರು ಎಲ್ಲಿ ಕೂತಿದ್ದಾರೆ ಅಂತ ನೋಡಿದರೆ ಸಾಕು, ಊರಿನ ಹಿರಿತನವೆಲ್ಲ ಅರ್ಥವಾಗುತ್ತದೆ. ಸುಮ್ನೆ ಚಂದದ ಗುಡಿಸಲು ಅಂದುಕೊಂಡು ಫೋಟೋ ತೆಗೆದು ಬಂದರೆ ಇದೇ ತಪ್ಪಿಹೋಗುತ್ತದೆ ಅಲ್ವಾ?

ಹಾಗಾಗಿ ಚಪ್ಪಲಿ ಹೊರಗೆ ಬಿಡಿ. ತೋರಿಸಿದ ಕಡೆಯೇ ಕೂರಿ. ಚಕ್ಕಳಮಕ್ಕಳ ಹಾಕಿ, ಕಾಲು ಯಾರ ಕಡೆಗೂ ಚಾಚಬೇಡಿ. ಕೂತವರ ಮುಂದೆ ಹಾದು ಹೋಗಬೇಕಾದರೆ ಬಗ್ಗಿ ‘ತುಲೊವ್’ ಅನ್ನಿ, ಅಂದರೆ ‘ಕ್ಷಮಿಸಿ’ ಅಂತ. ಸಂಜೆ ಆರೇಳು ಗಂಟೆ ಹೊತ್ತಿಗೆ ಮನೆಮನೆಯಲ್ಲೂ ಪ್ರಾರ್ಥನೆ. ಆಗ ಹಳ್ಳಿಯೊಳಗೆ ಓಡಾಡಬೇಡಿ. ಭಾನುವಾರ ಬಹುತೇಕ ಎಲ್ಲ ಬಂದ್.

ಒಂದು ರಾತ್ರಿಯಾದರೂ ಫಲೆಯಲ್ಲೇ ಮಲಗಿ. ಅಪಿಯಾ ಇರುವ ಉಪೋಲು ದ್ವೀಪದ ಲಾಲೊಮಾನು, ಸವಾಯಿ ದ್ವೀಪದ ಮನಾಸೆ ಕಡಲತೀರಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಸವಾಯಿಗೆ ಉಪೋಲುವಿನ ಮುಲಿಫನುವಾ ಬಂದರಿನಿಂದ ಫೆರ್ರಿ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಮೇನಿಂದ ಅಕ್ಟೋಬರ್‌ವರೆಗೆ ಮಳೆ ಕಮ್ಮಿ. ಆಕ್ಲೆಂಡ್ ಮೂಲಕ ಹೋಗುವುದಾದರೆ ನ್ಯೂಜಿಲೆಂಡ್‌ನ ಟ್ರಾನ್ಸಿಟ್ ವೀಸಾ ಮೊದಲೇ ಮಾಡಿಸಿಕೊಳ್ಳಿ.

ನಾನು ಮನಾಸೆಯಲ್ಲಿ ಮಲಗಿದ್ದ ರಾತ್ರಿ ಮಳೆ ಬಂತು. ಸುತ್ತ ಮೇಲಕ್ಕೆ ಕಟ್ಟಿದ್ದ ತೆಂಗಿನ ಗರಿಯ ತಟ್ಟಿಗಳನ್ನು, ‘ಪೊಲಾ’ ಅನ್ನುತ್ತಾರೆ, ಗಾಳಿ ಬೀಸುವ ಕಡೆ ಮಾತ್ರ ಇಳಿಬಿಟ್ಟೆ. ಇನ್ನೊಂದು ಕಡೆಯಿಂದ ಕಡಲು ಕಾಣುತ್ತಲೇ ಇತ್ತು.