ಒಂದೇ ಸಲಕ್ಕ ಕೊಟ್ಟು ಕಳಿಸ್ರಲ್ಲ!

"ಡಾಕ್ಟ್ರಮ್ಮಾ, ದಿನಾ ದಿನಾ ಹೆಂಗ ಬರೋದ್ರಿ? ಒಂದೇ ಸಲಕ್ಕ ಕೊಟ್ಟು ಕಳಿಸ್ರಲ್ಲ!"

ನಾನು ಬಳ್ಳಾರಿಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಷನ್ ಕೊಡುವ ಡಾಕ್ಟರ್. ಈ ಮಾತು ಕೇಳದ ವಾರವೇ ಇಲ್ಲ. ರಾಯಚೂರು, ಕೊಪ್ಪಳ, ಸಿಂಧನೂರು, ಸಿರುಗುಪ್ಪ ಅಂತ ಎಲ್ಲ ಕಡೆಯಿಂದ ಜನ ಬರುತ್ತಾರೆ. ಚೀಟಿಯಲ್ಲಿ 33 ದಿನ ಅಂತ ಬರೆದ ಕೂಡಲೇ ಮೊದಲು ಮುಖ ಬಾಡುವುದು ರೋಗಿಯದಲ್ಲ, ಪಕ್ಕದಲ್ಲಿ ಫೈಲ್ ಹಿಡಿದು ನಿಂತ ಮಗನದೋ ಸೊಸೆಯದೋ. ಮದುವೆ ಮನೆಗಳಲ್ಲಿ ಓದಿದವರೂ ಕೇಳುತ್ತಾರೆ, ಇಷ್ಟೆಲ್ಲಾ ಮಷೀನ್ ಬಂದಿವೆ, ಒಂದೇ ದಿನಕ್ಕೆ ಮುಗಿಯಲ್ವಾ ಅಂತ. ಒಪಿಡಿಯಲ್ಲಿ ಹೊರಗೆ ಸಾಲು ನಿಂತಿರುವಾಗ ಸರಿಯಾಗಿ ಉತ್ತರ ಕೊಡಲು ಆಗಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ನಮ್ಮ ಕಡೆ ಇದಕ್ಕೆ 'ಕರೆಂಟ್ ಕೊಡೋದು' ಅಂತಾರೆ. ನಾನೂ ರೋಗಿಗಳ ಜೊತೆ ಹಾಗೇ ಹೇಳುತ್ತೇನೆ, ಆ ಮಾತೇ ಸಲೀಸು. ಆದರೆ ಮೈಗೆ ತಂತಿ ಹಚ್ಚಲ್ಲ, ಶಾಕ್ ಹೊಡೆಯಲ್ಲ. ಎಕ್ಸ್‌ರೇ ತೆಗೆಸಿಕೊಂಡಿದ್ದೀರಲ್ಲ, ಅದೇ ಜಾತಿಯ ಕಿರಣ, ಶಕ್ತಿ ಮಾತ್ರ ಬಹಳ ಜಾಸ್ತಿ. ಟೇಬಲ್ ಮೇಲೆ ಮಲಗಿ ಎದ್ದು ಬರುವುದು ಒಟ್ಟು ಹತ್ತು-ಹದಿನೈದು ನಿಮಿಷ, ಅದರಲ್ಲಿ ಕಿರಣ ಬೀಳುವುದು ಕೆಲವೇ ನಿಮಿಷ. ಆಗ ನೋವು ಆಗಲ್ಲ, ಬಿಸಿಯೂ ತಾಗಲ್ಲ. ಹೊರಗಿನಿಂದ ಮಷೀನ್‌ನಲ್ಲಿ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ. ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ಕರೆಂಟ್ ಕೊಟ್ಟ ಹೆಂಗಸಿಗೆ ಬೇರೆ ತಟ್ಟೆ-ಲೋಟ ಇಟ್ಟು ಮೂಲೆಗೆ ಕೂರಿಸಿದ ಮನೆಗಳನ್ನು ನೋಡಿದ್ದೇನೆ. ನೋಡಿದಾಗೆಲ್ಲ ಕರುಳು ಚುರ್ ಅನ್ನುತ್ತದೆ.

ಇನ್ನು ಪ್ರಶ್ನೆಗೆ ಬರುತ್ತೇನೆ. ಕುಷ್ಟಗಿ ಕಡೆಯ ಒಬ್ಬ ತಾತನಿಗೆ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇತ್ತು. ಜೀವನ ಪೂರ್ತಿ ಕುರಿ ಕಾದವರು, ಜೊತೆಗೆ ಬೀಡಿ. ದನಿ ಪಿಸುಮಾತಿನಷ್ಟು ಸಣ್ಣಗಾಗಿತ್ತು. ಆ ಪಿಸುದನಿಯಲ್ಲೇ ಅವರೂ ಕೇಳಿದರು, "ಒಂದೇ ಸಲಕ್ಕ ಯಾಕ ಕೊಡಂಗಿಲ್ಲಮ್ಮ?" ಅವರಿಗೆ ನಾನು ಟಗರಿನ ಕಥೆ ಹೇಳಿದೆ.

ಈ ಕಥೆ ನಿಜವಾಗಿ ನಡೆದದ್ದು. ರಾಂಟ್‌ಗನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಶುರುವಿನ ಕಾಲದಲ್ಲಿ ಅನೇಕ ಡಾಕ್ಟರುಗಳು ನಮ್ಮ ರೋಗಿಗಳು ಕೇಳುವ ಹಾಗೇ ಮಾಡುತ್ತಿದ್ದರು, ಒಂದೆರಡು ಸಲಕ್ಕೆ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಮುಗಿಸುವುದು. ಗಡ್ಡೆ ಕರಗುತ್ತಿತ್ತು, ಆದರೆ ಮೇಲಿನ ಚರ್ಮ, ಒಳಗಿನ ಮಾಂಸ ಎಲ್ಲ ಹಾಳಾಗಿ ವಾಸಿಯಾಗದ ಗಾಯ ಉಳಿಯುತ್ತಿತ್ತು. ಆಮೇಲೆ ಪ್ಯಾರಿಸ್‌ನ ರೇಡಿಯಂ ಸಂಸ್ಥೆಯಲ್ಲಿ ಕ್ಲೋಡಿಯಸ್ ರೆಗೊ ಅನ್ನುವ ವಿಜ್ಞಾನಿ (ಆ ಸಂಸ್ಥೆಯ ಇನ್ನೊಂದು ಭಾಗ ಮೇರಿ ಕ್ಯೂರಿ ಅವರ ಕೈಯಲ್ಲಿತ್ತು) ಟಗರುಗಳ ಬೀಜಕ್ಕೆ (ವೃಷಣಕ್ಕೆ) ಕಿರಣ ಕೊಟ್ಟು ನೋಡಿದರು. ಬೀಜದಲ್ಲಿ ಜೀವಕೋಶಗಳು ಸದಾ ಒಡೆದು ಒಡೆದು ಹೆಚ್ಚಾಗುತ್ತಲೇ ಇರುತ್ತವೆ, ಕ್ಯಾನ್ಸರ್ ಗಡ್ಡೆಯ ಹಾಗೇ. ಒಂದೇ ಸಲ ಜೋರಾಗಿ ಕೊಟ್ಟರೆ ಚರ್ಮ ಸುಟ್ಟು ಗಾಯವಾಗುತ್ತಿತ್ತೇ ಹೊರತು ಬೀಜದ ಶಕ್ತಿ ಪೂರ್ತಿ ಹೋಗುತ್ತಿರಲಿಲ್ಲ. ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಬೀಜದ ಶಕ್ತಿ ಹೋಯಿತು, ಚರ್ಮ ಉಳಿಯಿತು. ಅದೇ ಸಂಸ್ಥೆಯ ಆನ್ರಿ ಕುತಾರ್ ಅನ್ನುವ ಡಾಕ್ಟರ್ 1920ರ ದಶಕದಲ್ಲಿ ಇದನ್ನೇ ಗಂಟಲ ಕ್ಯಾನ್ಸರ್ ರೋಗಿಗಳ ಮೇಲೆ ಮಾಡಿ ತೋರಿಸಿದರು, ವಾರಗಟ್ಟಲೆ ದಿನಾ ಸ್ವಲ್ಪ ಸ್ವಲ್ಪ ಕೊಟ್ಟು.

ತಾತ ಕಣ್ಣು ಅರಳಿಸಿ ಕೇಳಿದರು. ಟಗರಿನ ಬೀಜ ಒಡೆಸುವ ಕೆಲಸ ಅವರಿಗೆ ಗೊತ್ತಿಲ್ಲದ್ದೇನಲ್ಲ. "ಹಂಗಂದ್ರ ನನಗ ಚರ್ಮ ಉಳಿಸಾಕ ಮೂವತ್ಮೂರು ದಿನ" ಅಂದರು. ಹೌದು ತಾತ, ಅಷ್ಟೇ ವಿಷಯ.

ಸ್ವಲ್ಪ ಒಳಗೆ ಇಳಿದು ಹೇಳುತ್ತೇನೆ. ಕಿರಣ ಜೀವಕೋಶದ ಒಳಗಿನ ಡಿಎನ್‌ಎ ಅನ್ನುವ ಎಳೆಯನ್ನು ತುಂಡು ಮಾಡುತ್ತದೆ. ಅದಕ್ಕೆ ಒಳ್ಳೇದು ಕೆಟ್ಟದ್ದು ಅನ್ನುವ ಭೇದ ಇಲ್ಲ, ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಪೆಟ್ಟು ಬೀಳುತ್ತದೆ. ಭೇದ ಇರುವುದು ರಿಪೇರಿಯಲ್ಲಿ. ಪೆಟ್ಟು ಚಿಕ್ಕದಾಗಿದ್ದರೆ ಒಳ್ಳೆಯ ಕೋಶಗಳು ಮರುದಿನದೊಳಗೆ ತಮ್ಮನ್ನು ತಾವೇ ಬಹಳಷ್ಟು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಚೆನ್ನಾಗಿ ಬರಲ್ಲ. ದಿನಾ ಈ ವ್ಯತ್ಯಾಸ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗಿ ಕೊನೆಗೆ ಗಡ್ಡೆ ಸಾಯುತ್ತದೆ, ಸುತ್ತಲಿನ ಮೈ ಉಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ದೊಡ್ಡ ಗಡ್ಡೆಯ ನಡುವೆ ರಕ್ತ ಸರಿಯಾಗಿ ಹೋಗಲ್ಲ, ಆಮ್ಲಜನಕ ಕಡಿಮೆ. ಅಂಥ ಕಡೆ ಕಿರಣದ ಆಟ ಅಷ್ಟಾಗಿ ನಡೆಯಲ್ಲ. ಹೊರಗಿನ ಪದರ ಕರಗಿದಂತೆ ಒಳಗಿನ ಕೋಶಗಳಿಗೆ ಗಾಳಿ ಸಿಗುತ್ತದೆ, ಆಗ ಅವೂ ಪೆಟ್ಟಿಗೆ ಸಿಗುತ್ತವೆ. ಇದೇ ಕಾರಣಕ್ಕೆ ನಾವು ರಕ್ತದ ಪ್ರಮಾಣ ಪದೇ ಪದೇ ನೋಡುವುದು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆದ ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ಬರುವಾಗಲೇ ರಕ್ತ ಕಳೆದುಕೊಂಡು ಬೆಳ್ಳಗಾಗಿ ಬರುತ್ತಾರೆ, ರಕ್ತ ಏರಿಸಿಯೇ ಕರೆಂಟ್ ಶುರು ಮಾಡಬೇಕಾಗುತ್ತದೆ.

ಒಂದು ಸಲ ಗಂಗಾವತಿಯ ರೈತರೊಬ್ಬರು ಇದನ್ನೆಲ್ಲ ಕೇಳಿ, "ಅಂದ್ರ ಭತ್ತಕ್ಕ ಕಳೆ ಔಷಧ ಹೊಡೆದಂಗ್ರಿ. ಡಬ್ಬಿ ಪೂರ್ತಿ ಸುರುವಿದ್ರ ಕಳೆ ಜೊತಿಗೆ ಪೈರೂ ಹೋಗತೈತಿ" ಅಂದರು. ನನ್ನ ಅರ್ಧ ಗಂಟೆಯ ಮಾತು ಅವರು ಒಂದು ಉಸಿರಿಗೆ ಹೇಳಿ ಮುಗಿಸಿದರು. ಅಂದಿನಿಂದ ರೈತರಿಗೆಲ್ಲ ಅದೇ ಮಾತು ಹೇಳುತ್ತೇನೆ.

ಕಿರಣವನ್ನು ಅಳೆಯುವ ಲೆಕ್ಕಕ್ಕೆ 'ಗ್ರೇ' ಅನ್ನುತ್ತೇವೆ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಒಟ್ಟು 66ರಿಂದ 70 ಗ್ರೇ. ಅದು ಬೀಳುವ ಜಾಗದ ಹಿಂದೆಯೇ ಬೆನ್ನುಹುರಿ ಇರುತ್ತದೆ, ಅದಕ್ಕೆ 45 ಗ್ರೇ ಸುಮಾರಿಗೆ ನಾವು ಗೆರೆ ಹಾಕಿಕೊಳ್ಳುತ್ತೇವೆ. ಪಕ್ಕದಲ್ಲಿ ಜೊಲ್ಲು ಗ್ರಂಥಿ ಇದೆ, ಅದನ್ನೂ ಆದಷ್ಟು ಉಳಿಸಬೇಕು. ಹಾಗಾಗಿ ರೋಗಿ ಕಾಯುತ್ತಾ ಕೂರುವ ಆ ಮೊದಲ ಕೆಲವು ದಿನ ನಾವು ಸುಮ್ನೆ ಕೂತಿರಲ್ಲ. ಸಿಟಿ ಸ್ಕ್ಯಾನ್‌ನ ಒಂದೊಂದು ಪದರದ ಮೇಲೂ ನಾನು ಕೈಯಾರೆ ಗೆರೆ ಎಳೆಯುತ್ತೇನೆ. ಇಷ್ಟು ಗಡ್ಡೆ, ಇಷ್ಟು ಗಡ್ಡೆ ಹರಡಿರಬಹುದಾದ ಜಾಗ, ಇದು ಬೆನ್ನುಹುರಿ, ಇದು ಮುಟ್ಟಬಾರದ್ದು. ಆಮೇಲೆ ಫಿಸಿಸಿಸ್ಟ್ ಕೂತು ಯಾವ ದಿಕ್ಕಿನಿಂದ ಎಷ್ಟು ಕಿರಣ ಬಿಡಬೇಕು ಅಂತ ಲೆಕ್ಕ ಹಾಕುತ್ತಾರೆ, ಮಷೀನ್‌ನಲ್ಲಿ ಅಳತೆ ಮಾಡಿ ನೋಡುತ್ತಾರೆ. ಇವರನ್ನು ರೋಗಿಗಳು ನೋಡುವುದೇ ಇಲ್ಲ, ಆದರೆ ಇವರಿಲ್ಲದೆ ನಾನು ಒಂದು ಹೆಜ್ಜೆ ಇಡಲಾರೆ.

ತಾತನ ಮಾಸ್ಕ್ ಮಾಡಿದ ದಿನ ನೆನಪಿದೆ. ಮಾಸ್ಕ್ ಅಂದರೆ ತೂತು ತೂತಿನ ಬಿಳಿ ಪ್ಲಾಸ್ಟಿಕ್ ಹಾಳೆ. ಬಿಸಿನೀರಿನ ತೊಟ್ಟಿಯಲ್ಲಿ ಎರಡು-ಮೂರು ನಿಮಿಷ ಮುಳುಗಿಸಿದರೆ ಮೆತ್ತಗಾಗಿ ಗಾಜಿನ ಹಾಗೆ ಪಾರದರ್ಶಕ ಆಗುತ್ತದೆ. ಅದನ್ನು ಮುಖದ ಮೇಲೆ ಎಳೆದು, ಮೂಗಿನ ಎರಡೂ ಪಕ್ಕ, ಗದ್ದದ ಕೆಳಗೆ ಬೆರಳಿನಿಂದ ಒತ್ತಿ ಕೂರಿಸಬೇಕು. ಆರುತ್ತಾ ಮತ್ತೆ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಉಗುಳು ನುಂಗಿದರೂ ಗೊತ್ತಾಗುತ್ತದೆ, ಅಷ್ಟು ಬಿಗಿ. ತಾತ ಗಾಬರಿಯಿಂದ ನನ್ನ ಕೈ ಹಿಡಿದಿದ್ದರು, ನಾನೂ ಬಿಡಲಿಲ್ಲ. ತೆಗೆದಾಗ ಅದರಲ್ಲಿ ಅವರ ಮುಖವೇ ಇತ್ತು, ಒಳಗೆ ಹೋದ ಕೆನ್ನೆ, ಸ್ವಲ್ಪ ಸೊಟ್ಟ ಮೂಗು. ದಿನಾ ಅದನ್ನೇ ಹಾಕಿ ಟೇಬಲ್‌ಗೆ ಬಿಗಿದು ಮಲಗಿಸುವುದರಿಂದ ಕಿರಣ ಕೆಲವು ಮಿಲಿಮೀಟರ್‌ಗಿಂತ ಜಾಸ್ತಿ ಅತ್ತಿತ್ತ ಹೋಗದ ಹಾಗೆ ನೋಡಿಕೊಳ್ಳಬಹುದು.

ಆ ಮಾಸ್ಕ್ ನಮಗೆ ಇನ್ನೊಂದನ್ನೂ ಹೇಳುತ್ತದೆ. ಮೂರನೇ ವಾರಕ್ಕೆ ಬಾಯಿ, ಗಂಟಲಲ್ಲಿ ಹುಣ್ಣು ಬರುತ್ತವೆ, ರುಚಿ ಹೋಗುತ್ತದೆ. ಖಾರ ಇಲ್ಲದೆ ಊಟವೇ ಅಲ್ಲ ಅನ್ನುವ ನಮ್ಮ ಜನಕ್ಕೆ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ ಬಿಟ್ಟು ಗಂಜಿ ಕುಡಿ ಅಂದರೆ ಅದೇ ಒಂದು ಶಿಕ್ಷೆ. ತಿನ್ನುವುದು ಬಿಡುತ್ತಾರೆ, ಇಳಿದು ಹೋಗುತ್ತಾರೆ. ಆಗ ಮಾಸ್ಕ್ ಸಡಿಲ ಆಗುತ್ತದೆ. ಟೆಕ್ನಿಷಿಯನ್ ಬಂದು, ಮೇಡಂ, ಬೆರಳು ತೂರುತ್ತಿದೆ ಅಂದರೆ ನನಗೆ ಎದೆ ಧಸಕ್ ಅನ್ನುತ್ತದೆ. ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಲೆಕ್ಕ, ಮತ್ತೆ ದಿನ ತಡ. ಅದಕ್ಕೇ ಮನೆಯವರಿಗೆ ಮೊದಲೇ ಹೇಳುತ್ತೇನೆ: ಜೋಳದ ಅಂಬಲಿ, ಹುಳಿ ಇಲ್ಲದ ಮಜ್ಜಿಗೆ, ಮೆತ್ತಗೆ ಕಿವುಚಿದ ಬೇಳೆ ಅನ್ನ, ಮೊಟ್ಟೆ, ಶೇಂಗಾ ನುಣ್ಣಗೆ ರುಬ್ಬಿ ಹಾಲಿಗೆ ಹಾಕಿದ್ದು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ತಂಬಾಕು, ಗುಟ್ಕಾ, ಬೀಡಿ ಅವತ್ತೇ ಬಿಡಬೇಕು. ನಡುವೆ ಸೇದುತ್ತಿದ್ದರೆ ಕರೆಂಟ್‌ನ ಫಲವೇ ಕಡಿಮೆ ಆಗುತ್ತದೆ.

ಈಗ ನನಗೆ ಇವತ್ತಿಗೂ ಭಾರವಾಗಿರುವ ಒಂದು ವಿಷಯ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿಂಧನೂರು ಕಡೆಯ ಒಬ್ಬ ಅಕ್ಕ ಬಂದಿದ್ದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಇದಕ್ಕೆ ಹೊರಗಿನಿಂದ 25 ದಿನ, ಆಮೇಲೆ ಗರ್ಭಕೋಶದ ಬಾಯಿಯ ಹತ್ತಿರವೇ ನಳಿಕೆ ಇಟ್ಟು ಒಳಗಿನಿಂದ ಇನ್ನೂ ಕೆಲವು ಸಲ ಕೊಡುವ ಕರೆಂಟ್, ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಶುರು ಮಾಡುತ್ತವೆ, ಮೊದಲಿಗಿಂತ ಜೋರಾಗಿ. ಹದಿನಾಲ್ಕು ದಿನ ತಪ್ಪದೆ ಬಂದರು. ರಕ್ತ ಹೋಗುವುದು ನಿಂತಿತು, ನೋವು ಕಡಿಮೆ ಆಯಿತು. ಹದಿನೈದನೇ ದಿನ ಬರಲಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ಶುರುವಾಗಿತ್ತು. ವಾಪಸ್ ಬಂದಿದ್ದು ಮೂರು ವಾರ ಕಳೆದ ಮೇಲೆ. ನಾನು ಬೈದೆ. ಅವರು ತಲೆ ತಗ್ಗಿಸಿ, "ಆರಾಮ ಆಗಿತ್ರಿ, ಅದಕ್ಕ ಹೋದೆ. ನಾಟಿ ಪಗಾರ ಬಿಟ್ರ ವರ್ಷ ಹೆಂಗ ನಡಸ್ಲಿ?" ಅಂದರು. ಉಳಿದ ದಿನ ಮುಗಿಸಿದೆವು, ಒಳಗಿನ ಕರೆಂಟೂ ಕೊಟ್ಟೆವು. ಮುಂದಿನ ವರ್ಷ ರೋಗ ಮರಳಿತು. ಆ ಮೂರು ವಾರವೇ ಕಾರಣ ಅಂತ ಹೇಳಲಾರೆ. ಆದರೆ ಮೊದಲ ದಿನ ನಾನು ಅವರಿಗೆ ತಪ್ಪಿಸಬೇಡಿ ಅಂತ ಮಾತ್ರ ಹೇಳಿದ್ದೆ. ಎಲ್ಲಿ ಇರುತ್ತೀರಿ, ಮನೆಯಲ್ಲಿ ದುಡಿಯುವವರು ಯಾರು, ಎರಡು ತಿಂಗಳು ಹೇಗೆ ಅಂತ ಕೇಳಿರಲಿಲ್ಲ. ಅದು ನನ್ನ ತಪ್ಪು.

ಅವತ್ತಿನಿಂದ ಒಂದು ವಿಷಯ ಅರ್ಥವಾಗಿದೆ. "ಒಂದೇ ಸಲಕ್ಕ ಕೊಡ್ರಲ್ಲ" ಅನ್ನುವುದು ವಿಜ್ಞಾನದ ಪ್ರಶ್ನೆಗಿಂತ ಜಾಸ್ತಿ ಬಸ್ಸಿನ ಪ್ರಶ್ನೆ, ಕೂಲಿಯ ಪ್ರಶ್ನೆ. ಕುಷ್ಟಗಿಯಿಂದ ಬಳ್ಳಾರಿಗೆ ದಿನಾ ಹೋಗಿ ಬರುವುದು ಗಟ್ಟಿಮುಟ್ಟಾದವರಿಗೇ ಸುಸ್ತು, ಬಾಯಿ ತುಂಬ ಹುಣ್ಣಾದ ಮನುಷ್ಯನಿಗೆ 42 ಡಿಗ್ರಿ ಬಿಸಿಲಲ್ಲಿ ಅದು ಆಗುವ ಮಾತಾ? ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿ ಎರಡು ತಿಂಗಳು ಗುರುತು ಪರಿಚಯ ಇಲ್ಲದ ಊರಲ್ಲಿ ಇದ್ದು ಬಂದವರು ನಮ್ಮಲ್ಲಿ ಎಷ್ಟು ಮಂದಿ! ಈಗ ನಾನು ಚೀಟಿ ಬರೆಯುವ ಮೊದಲು ಮಲಗುವ ಜಾಗ ಕೇಳುತ್ತೇನೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆ ಕಾಗದ ಮೊದಲೇ ಮಾಡಿಸಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಲ್ಲಿ ಫಾರಂಗೆ ಸಹಿ ಹಾಕಿಸಿಕೊಳ್ಳಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ ಟಿಕೆಟ್ ಚಿಂತೆ ತಪ್ಪಿದೆ. ಇಷ್ಟಾದರೂ ಕೂಲಿ ಹೋಗುತ್ತದೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಜಾತ್ರೆ, ಮೊಹರಂ, ಮದುವೆ, ಸುಗ್ಗಿ ಏನಿದೆ ಅಂತ ಮೊದಲೇ ಹೇಳಿಬಿಡಿ, ಬೈಯಲ್ಲ. ಒಂದು ದಿನ ತಪ್ಪಿದರೆ ಕೆಲವರಿಗೆ ಶನಿವಾರ ಕೊಟ್ಟೋ, ಒಂದೇ ದಿನ ಆರು ಗಂಟೆ ಬಿಟ್ಟು ಎರಡು ಸಲ ಕೊಟ್ಟೋ ಸರಿದೂಗಿಸಬಹುದು. ಹೇಳದೆ ಹೋದರೆ ಮಾತ್ರ ಏನೂ ಮಾಡಲಾಗಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಒಂದೇ ಸಲಕ್ಕೆ ಕೊಡುವುದು ಇಲ್ಲವೇ ಇಲ್ಲ ಅಂತಲ್ಲ. ರೋಗ ಎಲುಬಿಗೆ ಹರಡಿ ನೋವು ತಡೆಯಲಾಗದೆ ಇರುವವರಿಗೆ 8 ಗ್ರೇ ಒಂದೇ ಸಲ ಕೊಡುತ್ತೇವೆ, ಅವತ್ತೇ ಊರಿಗೆ ಕಳಿಸುತ್ತೇವೆ. ಹಲವರಿಗೆ ಕೆಲವು ವಾರದಲ್ಲಿ ನೋವು ಇಳಿದು ರಾತ್ರಿ ನಿದ್ದೆ ಬರುತ್ತದೆ. ಸ್ತನ ಕ್ಯಾನ್ಸರ್‌ಗೆ ಮೊದಲು ಐದು ವಾರ ಕೊಡುತ್ತಿದ್ದರು, ಈಗ ಬಹಳ ಜನಕ್ಕೆ 15 ದಿನ ಸಾಕು. 2020ರಲ್ಲಿ ಬ್ರಿಟನ್‌ನಿಂದ ಬಂದ ದೊಡ್ಡ ಅಧ್ಯಯನವೊಂದು ಆಯ್ದ ರೋಗಿಗಳಿಗೆ 5 ದಿನದಲ್ಲೇ ಮುಗಿಸಬಹುದು ಅಂತ ತೋರಿಸಿದೆ. ಯಾವ ರೋಗಕ್ಕೆ ಎಷ್ಟು ದಿನ ಕಡಿಮೆ ಮಾಡಬಹುದು ಅಂತ ನಮ್ಮವರು ಹುಡುಕುತ್ತಲೇ ಇದ್ದಾರೆ. ಹಾಗಾಗಿ ಕೇಳಲು ಸಂಕೋಚ ಪಡಬೇಡಿ. ನನಗೆ ಕಡಿಮೆ ದಿನದಲ್ಲಿ ಆಗುತ್ತಾ, ಆಗಲ್ಲ ಅಂದರೆ ಯಾಕೆ ಅಂತ ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ. ಬಾಯಿ, ಗಂಟಲಿನ ರೋಗಕ್ಕೆ ಮಾತ್ರ ಸದ್ಯಕ್ಕೆ ಆರೇಳು ವಾರ ಬೇಕೇ ಬೇಕು ಅಂತಲೇ ಹೆಚ್ಚಿನವರಿಗೆ ನಾನು ಹೇಳಬೇಕಾಗುತ್ತದೆ.

ತಾತ ಬಳ್ಳಾರಿಯಲ್ಲಿ ತಂಗಿಯ ಮನೆಯಲ್ಲಿ ಉಳಿದುಕೊಂಡರು. ಕುರಿಗಳನ್ನು ಅಳಿಯನಿಗೆ ಒಪ್ಪಿಸಿ ಬಂದಿದ್ದರು, ಸಂಜೆ ಸಂಜೆ ಫೋನ್ ಮಾಡಿಸಿ ಯಾವ ಕುರಿ ಮರಿ ಹಾಕಿತು ಅಂತ ಪಿಸುದನಿಯಲ್ಲೇ ಕೇಳುತ್ತಿದ್ದರಂತೆ. ಒಂದು ದಿನವೂ ತಪ್ಪಿಸಲಿಲ್ಲ. ಮುಗಿದು ಮೂರು ತಿಂಗಳಿಗೆ ತೋರಿಸಲು ಬಂದಾಗ ನಾನು ಇನ್ನೊಬ್ಬರನ್ನು ನೋಡುತ್ತಿದ್ದೆ. ಬಾಗಿಲ ಹೊರಗಿನಿಂದ, "ಯವ್ವಾ, ಒಳಗ ಬರ್ಲ್ಯಾ?" ಅಂತ ಯಾರೋ ಜೋರಾಗಿ ಕೇಳಿದರು. ಆ ದನಿ ನನಗೆ ಗುರುತೇ ಸಿಗಲಿಲ್ಲ.